ಇನ್ನೊಬ್ಬನ ಕೈಯ ತೋಟಾ

"ಗುರುಗಳೇ, ತಪ್ಪು ಮಾಡಿದವನನ್ನು ಕ್ಷಮಿಸಿಯಾಯಿತು. ಆದರೂ ಅವನು ಹತ್ತಿರ ಬರುವುದಿಲ್ಲ. ಇನ್ನು ನಾನು ಮಾಡಬೇಕಾದದ್ದು ಏನು?"

ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯ ಹೀಗೆ ಕೇಳಿದ. ಅವನ ತಮ್ಮನ ಅಜಾಗರೂಕತೆಯಿಂದ ಅವರ ಮನೆಗೆ ಬೆಂಕಿ ಬಿದ್ದಿತ್ತು. ಜೀವಗಳು ಉಳಿದವು, ಮನೆ ಉಳಿಯಲಿಲ್ಲ. ಊರಿನ ಹಿರಿಯರು ಸೇರಿದ್ದಾಗ ಅಣ್ಣ ಎಲ್ಲರ ಎದುರಿಗೆ ತಮ್ಮನನ್ನು ಕ್ಷಮಿಸಿದ್ದ. ಅಂದಿನಿಂದ ತಮ್ಮ ಅಣ್ಣನ ಮುಖ ನೋಡಿರಲಿಲ್ಲ. ಕರೆದರೆ ಕೆಲಸವಿದೆ ಎನ್ನುತ್ತಿದ್ದ. ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕಳುಹಿಸಿ ತಾನು ಹಿಂದೆ ಉಳಿಯುತ್ತಿದ್ದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. "ಒಂದು ಕೋವಿಯ ಕತೆ ಹೇಳುತ್ತೇನೆ. ಮಠದಲ್ಲಿ ಕೋವಿಯ ಕತೆಯೇ ಎಂದು ಮುಖ ಸಿಂಡರಿಸಬೇಡ" ಎಂದು ಆರಂಭಿಸಿದರು.

ಕೊಡಗಿನಲ್ಲಿ ಇಬ್ಬರು ರೈತರಿದ್ದರು. ಒಬ್ಬನ ಹೆಸರು ಉತ್ತಯ್ಯ, ಇನ್ನೊಬ್ಬನದು ಪೆಮ್ಮಯ್ಯ. ಇಬ್ಬರ ಗದ್ದೆಗಳ ನಡುವೆ ಒಂದು ತೊರೆ ಹರಿಯುತ್ತಿತ್ತು. ಒಂದೇ ವಯಸ್ಸಿನವರು. ಚಿಕ್ಕಂದಿನಲ್ಲಿ ಆ ತೊರೆಯಲ್ಲಿ ಒಟ್ಟಿಗೆ ಏಡಿ ಹಿಡಿದವರು. ದೊಡ್ಡವರಾದ ಮೇಲೆ ಇಬ್ಬರಿಗೂ ಒಂದೇ ಹುಚ್ಚು ಹಿಡಿಯಿತು. ಅದು ದೂರದ ಗುರಿಗೆ ಗುಂಡು ಹೊಡೆಯುವ ಹುಚ್ಚು.

ಆ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಅದರ ಸ್ಪರ್ಧೆ ನಡೆಯುತ್ತಿತ್ತು. ಈಚೆಯ ದಿಬ್ಬದ ಮೇಲೆ ಸ್ಪರ್ಧಿಗಳು ಬೋರಲಾಗಿ ಮಲಗಿಕೊಳ್ಳುವರು. ನಡುವೆ ಗದ್ದೆಯ ಬಯಲು. ಬಯಲಿನಾಚೆ ಗುಡ್ಡದ ಬುಡದಲ್ಲಿ ಬಿಳಿಯ ಹಲಗೆ. ಬರಿಗಣ್ಣಿಗೆ ಅದು ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಗುಂಡು ಅಲ್ಲಿಗೆ ಮುಟ್ಟುವುದರೊಳಗೆ ಬಯಲಿನ ಗಾಳಿ ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತಿತ್ತು. ತೋಟಾದೊಳಗಿನ ಮದ್ದು ಒಂದು ಚಿಟಿಕೆ ಹೆಚ್ಚು ಕಡಿಮೆಯಾದರೂ ಗುಂಡು ಹಲಗೆಯ ಮೇಲೆಯೋ ಕೆಳಗೋ ಹಾರಿಹೋಗುತ್ತಿತ್ತು. ಆದುದರಿಂದ ಅಲ್ಲಿಯ ಗುರಿಕಾರರು ಅಂಗಡಿಯ ತೋಟಾವನ್ನು ನೆಚ್ಚುತ್ತಿರಲಿಲ್ಲ. ಅಂಗಡಿಯ ತೋಟಾ ಎಲ್ಲ ಕೋವಿಗೂ ಸಲ್ಲಲೆಂದು ಮಾಡಿದ್ದು. ಅದು ಯಾವ ಕೋವಿಗೂ ಪೂರ್ತಿ ಹೊಂದುವುದಿಲ್ಲ. ಹೊಡೆದು ಖಾಲಿಯಾದ ತೋಟಾದ ಹಿತ್ತಾಳೆ ಕೊಳವೆಯನ್ನು ಅವರು ಎತ್ತಿಟ್ಟುಕೊಳ್ಳುವರು. ಅದನ್ನು ತೊಳೆದು ಒರೆಸಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತುವರು. ತನ್ನ ಕೋವಿಗೆ ತಾನೇ ತುಂಬಿಕೊಂಡ ತೋಟಾ.

ಅವರಲ್ಲಿ ಒಂದು ಮಾತಿತ್ತು. ಬೇರೆಯವನ ಕೈಯ ಊಟ ಮಾಡು, ಬೇರೆಯವನ ಕೈಯ ತೋಟಾ ಹೊಡೆಯಬೇಡ. ಕೋವಿ ಹೊಡೆಯುವವನ ಕೆನ್ನೆ ತೋಟಾದ ಪಕ್ಕದಲ್ಲೇ ಇರುತ್ತದೆ. ನಡುವೆ ಇರುವುದು ಗೇಣಿನಷ್ಟು ಉಕ್ಕು ಮಾತ್ರ.

ಉತ್ತಯ್ಯ ಗಾಳಿ ಬಲ್ಲವನು. ಬಯಲಿನ ಹುಲ್ಲು ಯಾವ ಕಡೆಗೆ ಬಾಗಿತು, ಗುಡ್ಡದ ಮೇಲಿನ ಮಂಜು ಯಾವ ಕಡೆಗೆ ಸರಿಯಿತು ಎಂದು ನೋಡಿ ಗುರಿ ತಿದ್ದಿಕೊಳ್ಳುತ್ತಿದ್ದ. ಪೆಮ್ಮಯ್ಯ ತೋಟಾ ಬಲ್ಲವನು. ಅವನು ತುಂಬಿದ ತೋಟಾಗಳು ಒಂದೇ ತಾಯಿ ಹೆತ್ತ ಮಕ್ಕಳಂತೆ ಇರುತ್ತಿದ್ದವು. ಗೆಲುವು ಒಂದು ವರ್ಷ ಇವನದು, ಒಂದು ವರ್ಷ ಅವನದು. ಸೋತವನ ಮನೆಯಲ್ಲಿ ಆ ದಿನ ಇಬ್ಬರ ಊಟ. ಅದು ಅವರೇ ಮಾಡಿಕೊಂಡ ಕಟ್ಟಳೆ.

ಒಂದು ವರ್ಷ ಸ್ಪರ್ಧೆಗೆ ಬರುವಾಗ ಉತ್ತಯ್ಯನ ಜೀಪು ತೊರೆ ದಾಟುವಲ್ಲಿ ಮಗುಚಿಕೊಂಡಿತು. ಅವನಿಗೆ ಪೆಟ್ಟಾಗಲಿಲ್ಲ, ಕೋವಿಯೂ ಉಳಿಯಿತು. ತೋಟಾದ ಪೆಟ್ಟಿಗೆ ನೀರುಪಾಲಾಯಿತು. ಈ ವರ್ಷಕ್ಕೆ ಮುಗಿಯಿತು ಎಂದು ಅವನು ಹಿಂದಿರುಗುವವನಿದ್ದ. ಪೆಮ್ಮಯ್ಯ ಬಿಡಲಿಲ್ಲ. ಇಬ್ಬರ ಕೋವಿಯೂ ಒಂದೇ ಅಳತೆಯದು, ತನ್ನಲ್ಲಿ ಇಬ್ಬರಿಗಾಗುವಷ್ಟು ತೋಟಾ ಇದೆ, ನೀನಿಲ್ಲದೆ ಗೆದ್ದರೆ ಅದು ಗೆಲುವೇ ಅಲ್ಲ ಎಂದು ಅವನ ಕೈಗೆ ಒಂದು ಹಿಡಿ ತೋಟಾ ಕೊಟ್ಟ. ಉತ್ತಯ್ಯ ಹಳೆಯ ಮಾತನ್ನು ನೆನೆದು ಒಂದು ಕ್ಷಣ ತಡೆದ. ಆಮೇಲೆ ಗೆಳೆಯನ ಮುಖ ನೋಡಿ ತೆಗೆದುಕೊಂಡ.

ಈಗ ನೀನು ಒಂದು ವಿಷಯ ತಿಳಿಯಬೇಕು. ಮದ್ದಿನಲ್ಲಿ ಎರಡು ಬಗೆ. ಒಂದು ನಿಧಾನವಾಗಿ ಉರಿಯುತ್ತದೆ. ಅದು ದೂರದ ಗುರಿಯ ಕೋವಿಗೆ. ಇನ್ನೊಂದು ಭಗ್ಗನೆ ಉರಿಯುತ್ತದೆ; ಅದು ಹಂದಿ ಓಡಿಸುವ ಕೋವಿಗೆ. ನೋಡಲು ಎರಡೂ ಒಂದೇ. ಪೆಮ್ಮಯ್ಯ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ತುಂಬುತ್ತಿದ್ದ. ಕೆಲವು ದಿನಗಳ ಹಿಂದೆ ಅವನು ಹಂದಿಕೋವಿಯ ತೋಟಾ ತುಂಬುತ್ತಿದ್ದಾಗ ಗದ್ದೆಗೆ ಹಂದಿ ಬಿತ್ತೆಂದು ಆಳುಗಳು ಕೂಗಿದರು. ಅವನು ತುಂಬಿದ್ದನ್ನೇ ಎತ್ತಿಕೊಂಡು ಓಡಿದ. ಹಿಂದಿರುಗಿ ಬಂದು ಸ್ಪರ್ಧೆಯ ತೋಟಾಕ್ಕೆ ಕೈ ಹಾಕಿದ. ತಕ್ಕಡಿಯ ತಟ್ಟೆಯಲ್ಲಿ ಹಂದಿಕೋವಿಯ ಮದ್ದು ಉಳಿದಿತ್ತು. ಅದು ಸ್ಪರ್ಧೆಯ ಮದ್ದು ಎಂದೇ ಅವನು ತಿಳಿದ. ಅದು ಒಂದೇ ಒಂದು ತೋಟಾದೊಳಗೆ ಸೇರಿತು. ಉಳಿದವೆಲ್ಲ ಸರಿಯಾಗಿದ್ದವು.

ಸ್ಪರ್ಧೆಯಲ್ಲಿ ಉತ್ತಯ್ಯ ಚೆನ್ನಾಗಿ ಹೊಡೆಯುತ್ತಿದ್ದ. ಅವನದೇ ಮುನ್ನಡೆ. ಆಗ ಆ ತೋಟಾದ ಸರದಿ ಬಂತು.

ಕೋವಿಯ ಹಿಂಭಾಗ ಒಡೆಯಿತು. ಉತ್ತಯ್ಯನ ಬಲಗಣ್ಣು ಹೋಯಿತು.

ಪಕ್ಕದಲ್ಲಿ ಮಲಗಿದ್ದ ಪೆಮ್ಮಯ್ಯನೇ ಅವನನ್ನು ಎತ್ತಿ ಬೇರೊಬ್ಬರ ಜೀಪಿಗೆ ಹಾಕಿದ. ಆಸ್ಪತ್ರೆಯ ತನಕ ಅವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ.

ಊರು ಎಂದ ಮೇಲೆ ಮಾತು ಹುಟ್ಟುತ್ತದೆ. ಮುಂದಿದ್ದವನನ್ನು ಹಿಂದೆ ಹಾಕಲು ಬೇಕೆಂದೇ ಮಾಡಿದ ಎಂದು ಕೆಲವರು ಪಿಸುಗುಟ್ಟಿದರು. ಸ್ಪರ್ಧೆಯ ಹಿರಿಯ, ನಿವೃತ್ತ ಸುಬೇದಾರ ಮಂದಪ್ಪ, ಉಳಿದ ತೋಟಾಗಳನ್ನು ಬಿಚ್ಚಿ ನೋಡಿದರು. ಒಂದರಲ್ಲೂ ದೋಷವಿರಲಿಲ್ಲ. ಕೇಡು ಬಗೆದವನಾಗಿದ್ದರೆ, ಕೆಟ್ಟದ್ದು ತನಗೇ ಬರಬಹುದು ಎಂದು ಅಂಜಿ ಅದನ್ನು ಆರಿಸಿ ಕೊಡುತ್ತಿದ್ದ; ಇವನು ಕೈಗೆ ಬಂದಷ್ಟು ತೆಗೆದು ಕೊಟ್ಟಿದ್ದಾನೆ ಎಂದು ತೀರ್ಮಾನ ಹೇಳಿದರು. ಪಿಸುಮಾತು ಅಲ್ಲಿಗೆ ನಿಂತಿತು. ಇನ್ನು ಮುಂದೆ ಈ ಮೈದಾನದಲ್ಲಿ ಒಬ್ಬರು ತುಂಬಿದ ತೋಟಾವನ್ನು ಇನ್ನೊಬ್ಬರು ಹೊಡೆಯಕೂಡದು ಎಂದು ಅವರು ಕಟ್ಟಪ್ಪಣೆಯನ್ನೂ ಮಾಡಿದರು.

ಉತ್ತಯ್ಯ ಆಸ್ಪತ್ರೆಯಿಂದಲೇ ಹೆಂಡತಿ ದೇಚವ್ವನ ಕೈಯಲ್ಲಿ ಹೇಳಿಕಳುಹಿಸಿದ: ಅದು ಕೈತಪ್ಪು. ನನಗೆ ಅವನ ಮೇಲೆ ಸಿಟ್ಟಿಲ್ಲ. ಮನೆಗೆ ಬಂದ ಮೇಲೆ ನೆಂಟರು ಇಷ್ಟರು ನೆರೆದಿದ್ದಾಗ ಪೆಮ್ಮಯ್ಯನನ್ನು ಕರೆಸಿ, ಎಲ್ಲರೂ ಕೇಳುವಂತೆ ಅದನ್ನೇ ಮತ್ತೆ ಹೇಳಿದ. ಜನ ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದರು. ಪೆಮ್ಮಯ್ಯ ತಲೆ ತಗ್ಗಿಸಿ ಕೇಳಿಸಿಕೊಂಡ. ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದುಹೋದ.

ಆಮೇಲೆ ಅವನು ಬರಲಿಲ್ಲ. ತೋಟಾ ತುಂಬುವ ಮೇಜನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ. ಕೋವಿಗೆ ಬೀಗ ಬಿತ್ತು. ಉತ್ತಯ್ಯ ಗದ್ದೆಗೆ ಇಳಿದರೆ ಅವನು ಗದ್ದೆಯಿಂದ ಮೇಲೇರುತ್ತಿದ್ದ. ಮದುವೆಮನೆಯಲ್ಲಿ ಉತ್ತಯ್ಯ ಇರುತ್ತಾನೆಂದು ತಿಳಿದರೆ ಮದುವೆಗೇ ಹೋಗುತ್ತಿರಲಿಲ್ಲ. ಜನ ಉತ್ತಯ್ಯನ ಕ್ಷಮೆಯನ್ನು ಹೊಗಳಿದಷ್ಟೂ ಅವನು ಕುಗ್ಗಿದ.

ಆದರೆ ಗುಟ್ಟಾಗಿ ಏನಾದರೂ ಕೊಡುತ್ತಿದ್ದ. ಉತ್ತಯ್ಯನ ಜಗಲಿಯ ಮೇಲೆ ಬೆಳಗಾಗುವಾಗ ಒಂದು ಬುಟ್ಟಿ ಕಿತ್ತಳೆ ಇರುತ್ತಿತ್ತು. ಇನ್ನೊಂದು ದಿನ ಜೇನು. ನಾಟಿಯ ಕಾಲಕ್ಕೆ ಕರೆಯದೆಯೇ ಆಳುಗಳು ಬಂದು ನಿಂತರು. ಉತ್ತಯ್ಯ ಎಲ್ಲವನ್ನೂ ಹಿಂದಕ್ಕೆ ಕಳುಹಿಸಿದ. ಅವನು ನನಗೆ ಏನನ್ನೂ ತೀರಿಸಬೇಕಾಗಿಲ್ಲ ಎಂದು ಹೇಳಿಸಿದ.

ಇಲ್ಲಿ ಶಿಷ್ಯ ನಡುವೆ ಬಾಯಿ ಹಾಕಿದ. ಹಾಗೆ ಹಿಂದಿರುಗಿಸಿದ್ದು ಉದಾರತೆಯಲ್ಲವೇ ಎಂದ.

"ಉತ್ತಯ್ಯನೂ ಹಾಗೆಯೇ ತಿಳಿದಿದ್ದ" ಎಂದು ಗುರುಗಳು ಕತೆ ಮುಂದುವರಿಸಿದರು.

ಹೀಗೆ ಮಳೆಗಾಲ ಕಳೆಯುತ್ತ ಬಂತು. ಒಂದು ದಿನ ಪೆಮ್ಮಯ್ಯನ ಹೆಂಡತಿ ಬೋಜವ್ವ ಉತ್ತಯ್ಯನ ಮನೆಗೆ ಬಂದಳು. ಜಗಲಿಯ ಅಂಚಿನಲ್ಲಿ ಕುಳಿತಳು. ಗಂಡ ಸರಿಯಾಗಿ ಉಣ್ಣುವುದಿಲ್ಲ, ಮಕ್ಕಳು ಮಾತನಾಡಿಸಿದರೆ ಎದ್ದುಹೋಗುತ್ತಾರೆ, ಮೊನ್ನೆ ತೊರೆ ತುಂಬಿ ಹರಿಯುವಾಗ ದಡದಲ್ಲಿ ನಿಂತಿದ್ದ ಅವರನ್ನು ಕೈಹಿಡಿದು ಎಳೆದು ತಂದೆ ಎಂದು ಹೇಳಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಾನು ಬಂದ ಕೆಲಸ ತಿಳಿಸಿದಳು.

"ಉತ್ತಯ್ಯಣ್ಣ, ನೀವು ಕ್ಷಮಿಸಿದ್ದು ಸಾಕು. ಒಂದು ಸಲ ಬಂದು ಅವರನ್ನು ಬೈದು ಹೋಗಿ."

ಉತ್ತಯ್ಯ ಬರುತ್ತೇನೆ ಎಂದು ಅವಳನ್ನು ಕಳುಹಿಸಿದ. ಬೈಯಲು ಹೊರಟವನು ತೊರೆಯ ತನಕ ಹೋಗಿ ನಿಂತ. ಸಿಟ್ಟನ್ನು ಹುಡುಕಿದ. ಸಿಟ್ಟು ಸಿಗಲಿಲ್ಲ. ಇಲ್ಲದ ಸಿಟ್ಟನ್ನು ನಟಿಸಿದರೆ ಪೆಮ್ಮಯ್ಯ ಕಂಡುಹಿಡಿಯುತ್ತಾನೆ ಎಂದು ಹಿಂದಿರುಗಿದ.

ಅವನಿಗೂ ಒಂದು ಸಂಕಟವಿತ್ತು. ಗುರಿಯ ಆಸೆ ಅವನನ್ನು ಬಿಟ್ಟಿರಲಿಲ್ಲ. ಉಳಿದ ಎಡಗಣ್ಣಿನಿಂದ, ಎಡ ಹೆಗಲಿಗೆ ಕೋವಿ ಕೊಟ್ಟು ಹೊಡೆಯುವುದನ್ನು ಅವನು ಮನೆಯ ಹಿಂದಿನ ದಿಬ್ಬದಲ್ಲಿ ಕಲಿಯುತ್ತಿದ್ದ. ದೊಡ್ಡಪ್ಪನ ಮನೆಯಲ್ಲಿ ಅದೇ ಅಳತೆಯ ಹಳೆಯ ಕೋವಿಯೊಂದಿತ್ತು. ಅದನ್ನು ಎರವಲು ತಂದಿದ್ದ. ಬಲಗೈಯವರಿಗಾಗಿ ಮಾಡಿದ ಕೋವಿ. ತೋಟಾ ಬದಲಿಸುವ ಬಲಗಡೆಯ ಅಗುಳಿ ಎಳೆಯಲು ಕೈಯನ್ನು ಮೇಲಿನಿಂದ ದಾಟಿಸಬೇಕು. ಅದೂ ಅಭ್ಯಾಸವಾಯಿತು. ಅಂಗಡಿಯ ತೋಟಾದಲ್ಲಿ ಹತ್ತಿರದ ಗುರಿ ಬೀಳತೊಡಗಿತು. ದೂರದ್ದು ಬೀಳಲಿಲ್ಲ.

ತೋಟಾ ತುಂಬಲು ಕುಳಿತ. ಆಗ ಅವನಿಗೆ ತನ್ನ ನಷ್ಟದ ಇನ್ನೊಂದು ಮುಖ ಕಂಡಿತು. ಒಂದೇ ಕಣ್ಣಿನವನಿಗೆ ಹತ್ತಿರದ ದೂರ ತಿಳಿಯುವುದಿಲ್ಲ. ಲೋಟಕ್ಕೆ ನೀರು ಸುರಿದರೂ ಅಂಚಿನಾಚೆ ಚೆಲ್ಲುತ್ತದೆ. ಮದ್ದು ಕೊಳವೆಯ ಬಾಯಿಗೆ ಬೀಳದೆ ಮೇಜಿನ ಮೇಲೆ ಬಿತ್ತು. ಕೇಪು ಬೆರಳಿನಿಂದ ಜಾರಿ ನೆಲಕ್ಕೆ ಹೋಯಿತು. ಗುರಿ ಇಡುವವನಿಗೆ ಒಂದು ಕಣ್ಣು ಸಾಕು. ತೋಟಾ ತುಂಬುವವನಿಗೆ ಎರಡೂ ಬೇಕು.

ದೇಚವ್ವ ನೋಡುತ್ತಿದ್ದಳು. ತಾನು ಸುರಿದುಕೊಡುತ್ತೇನೆ ಎಂದು ಕೂತಳು. ಸ್ವಲ್ಪ ಹೊತ್ತು ಕೆಲಸ ಮಾಡಿ ಕೈ ನಿಲ್ಲಿಸಿದಳು. ಕಲಿಸಿದರೆ ನಾನು ಕಲಿಯುತ್ತೇನೆ, ಆದರೆ ಈ ಕೆಲಸ ಬಲ್ಲವರು ತೊರೆಯಾಚೆ ಇದ್ದಾರೆ, ಅವರನ್ನು ಯಾಕೆ ಕೇಳುವುದಿಲ್ಲ ಎಂದಳು.

ಉತ್ತಯ್ಯ ಉತ್ತರ ಕೊಡಲು ಬಾಯಿ ತೆರೆದ. ಬಾಯಿಗೆ ಬಂದ ಉತ್ತರ ಅವನನ್ನೇ ಬೆಚ್ಚಿಸಿತು. ಅವನಿಗೆ ಪೆಮ್ಮಯ್ಯನ ತೋಟಾ ಎಂದರೆ ಭಯವಿತ್ತು. ಸಿಟ್ಟು ಹೋಗಿ ಬಹಳ ಕಾಲವಾಗಿತ್ತು. ಸಿಟ್ಟು ಹೋಯಿತು ಎಂಬ ಸಮಾಧಾನದಲ್ಲಿ ಅವನು ಭಯವನ್ನು ನೋಡಿರಲೇ ಇಲ್ಲ. ಎಲ್ಲರೆದುರು ತಾನು ಕ್ಷಮಿಸಿದ ಆ ಕೈಯಿಂದ ಒಂದು ಕಿತ್ತಳೆಯನ್ನೂ ತಾನು ತೆಗೆದುಕೊಂಡಿಲ್ಲ ಎಂಬುದು ಆಗ ಅವನ ನೆನಪಿಗೆ ಬಂತು.

ಮರುದಿನ ಅವನು ತೊರೆ ದಾಟಿದ.

ಪೆಮ್ಮಯ್ಯ ಅಂಗಳದಲ್ಲಿ ಮೆಣಸು ಹರಡುತ್ತಿದ್ದ. ಉತ್ತಯ್ಯನನ್ನು ಕಂಡು ಒಳಗೆ ಹೋಗಲು ಎದ್ದ. ಬೋಜವ್ವ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಅವನು ಅಲ್ಲೇ ನಿಂತ.

"ಪೆಮ್ಮಯ್ಯ, ನನಗೆ ತೋಟಾ ಬೇಕು" ಎಂದ ಉತ್ತಯ್ಯ.

ಪೆಮ್ಮಯ್ಯ ನೆಲ ನೋಡಿದ. ಅಂಗಡಿಯಲ್ಲಿ ಸಿಗುತ್ತದೆ ಎಂದ.

"ಅಂಗಡಿಯದರಲ್ಲಿ ದೂರದ ಗುರಿ ಬೀಳುವುದಿಲ್ಲ. ನನಗೆ ತುಂಬಲು ಬರುವುದಿಲ್ಲ, ಒಂದೇ ಕಣ್ಣಿನಲ್ಲಿ ನೋಡಿ ಸುರಿದರೆ ಮದ್ದು ಚೆಲ್ಲುತ್ತದೆ. ನೀನು ತುಂಬಿಕೊಡು."

ಆಗ ಪೆಮ್ಮಯ್ಯ ತಲೆ ಎತ್ತಿದ. ಅಪಘಾತವಾದ ಮೇಲೆ ಅವನ ದನಿ ಏರಿದ್ದು ಅದೇ ಮೊದಲು. "ನಿನಗೆ ಬುದ್ಧಿ ಇದೆಯಾ? ಒಂದು ಹೋಗಿದೆ. ಇನ್ನೊಂದನ್ನೂ ನನ್ನ ಕೈಗೆ ಕೊಡಲು ಬಂದಿದ್ದೀಯಾ? ಈ ಕೈ ಎಂಥದ್ದು ಎಂದು ನಿನಗೆ ಗೊತ್ತಿಲ್ಲವಾ?"

"ಗೊತ್ತು. ನನಗೆ ಭಯವೂ ಇದೆ. ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನೀನು ತುಂಬಿಕೊಡದಿದ್ದರೆ ನನ್ನ ಗುರಿ ಇಲ್ಲಿಗೆ ಮುಗಿಯಿತು."

ಪೆಮ್ಮಯ್ಯ ಆಗುವುದಿಲ್ಲ ಎಂದ. ಉತ್ತಯ್ಯ ಒತ್ತಾಯ ಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಬೋಜವ್ವ ಕೊಟ್ಟ ಕಾಫಿ ಕುಡಿದ. ನಾಳೆ ಬರುತ್ತೇನೆ ಎಂದು ಹೇಳಿ ಹೋದ. ಮರುದಿನ ಬಂದ. ಅದರ ಮರುದಿನವೂ ಬಂದ. ತೋಟಾದ ಮಾತು ಎತ್ತಲಿಲ್ಲ. ಮೆಣಸು ಹರಡಲು ಕೈ ಹಾಕಿದ. ಒಣಗಲು ಹಾಕಿದ ಮೆಣಸನ್ನು ಒಂದು ಕಣ್ಣಿನವನು ತುಳಿದುಬಿಡುತ್ತಿದ್ದ. ಪೆಮ್ಮಯ್ಯ ಗೊಣಗಿಕೊಂಡು ಅವನನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಕೊನೆಗೆ ಒಂದು ಬೆಳಿಗ್ಗೆ ಉತ್ತಯ್ಯ ಬಂದಾಗ ಪೆಮ್ಮಯ್ಯ ಅಂಗಳದಲ್ಲಿರಲಿಲ್ಲ. ಒಳಗೆ ಸುತ್ತಿಗೆಯ ಸದ್ದು ಕೇಳಿಸುತ್ತಿತ್ತು. ಅವನು ಅಟ್ಟದಿಂದ ಮೇಜನ್ನು ಇಳಿಸಿ ಜೋಡಿಸುತ್ತಿದ್ದ. ಹಂದಿಕೋವಿಯ ಮದ್ದಿನ ಡಬ್ಬಿ ಆ ಕೋಣೆಯಲ್ಲಿರಲಿಲ್ಲ. ಅದನ್ನು ಮನೆಯಿಂದಾಚೆ ಕಣಜದ ಕೊಟ್ಟಿಗೆಗೆ ಸಾಗಿಸಿದ್ದ.

ತುಂಬುವ ದಿನ ಬೋಜವ್ವ ಬಾಗಿಲಲ್ಲಿ ಕುಳಿತಳು. ಯಾರು ಬಂದರೂ ಒಳಗೆ ಬಿಡಬಾರದು, ಗದ್ದೆಗೆ ಆನೆಯೇ ಇಳಿದರೂ ಕರೆಯಬಾರದು ಎಂದು ಪೆಮ್ಮಯ್ಯ ಹೇಳಿದ್ದ. ಮೊದಲು ತುಂಬಿದ್ದನ್ನು ಬಿಚ್ಚಿ ಸುರಿದ. ಎರಡನೆಯದನ್ನೂ ಸುರಿದ. ತೂಗಿದ್ದನ್ನು ಮತ್ತೆ ತೂಗಿದ. ತಟ್ಟೆ ಬರಿದಾಗಿದೆಯೇ ಎಂದು ಬೆರಳಾಡಿಸಿ ನೋಡಿದ. ಉತ್ತಯ್ಯ ಪಕ್ಕದಲ್ಲಿ ಕುಳಿತು ಖಾಲಿ ಕೊಳವೆಗಳನ್ನು ಒರೆಸಿ ಕೊಡುತ್ತಿದ್ದ. ಅವಸರ ಮಾಡಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಚ್ಚಿ ಸುರಿಯುವುದು ನಿಂತಿತು. ಹಳೆಯ ಕೈ ತನ್ನ ಕೆಲಸವನ್ನು ನೆನಪಿಸಿಕೊಂಡಿತ್ತು.

ಮುಗಿದ ಮೇಲೆ ಪೆಮ್ಮಯ್ಯ ಒಂದು ಷರತ್ತು ಹಾಕಿದ. ಇದರಲ್ಲಿ ಮೊದಲ ಕೆಲವನ್ನು ತಾನು ತನ್ನ ಕೋವಿಯಲ್ಲಿ ಹೊಡೆದು ನೋಡಬೇಕು. ಉತ್ತಯ್ಯ ಒಪ್ಪಿದ. ದಿಬ್ಬಕ್ಕೆ ಹೋಗಿ ಹೊಡೆದರು. ಒಂದೂ ಕೆಡಲಿಲ್ಲ. ಆದರೆ ಇಬ್ಬರಿಗೂ ಒಂದು ಸತ್ಯ ಗೊತ್ತಿತ್ತು. ಹೊಡೆದ ತೋಟಾ ಹೊಡೆಯದ ತೋಟಾಕ್ಕೆ ಸಾಕ್ಷಿ ಹೇಳುವುದಿಲ್ಲ. ಪ್ರತಿಯೊಂದನ್ನೂ ಹೊಸದಾಗಿ ನಂಬಬೇಕು.

ಕೊಯ್ಲು ಮುಗಿಯಿತು. ಸ್ಪರ್ಧೆಯ ದಿನ ಉತ್ತಯ್ಯ ಕೋವಿ ಹಿಡಿದು ಬಂದಾಗ ಜನ ಹಿಗ್ಗಿದರು. ಅವನ ಹಿಂದೆ ತೋಟಾದ ಪೆಟ್ಟಿಗೆ ಹಿಡಿದ ಪೆಮ್ಮಯ್ಯನನ್ನು ಕಂಡು ಪಕ್ಕಕ್ಕೆ ಸರಿದರು. ಸುಬೇದಾರ ಮಂದಪ್ಪ ತಡೆದರು. ನನ್ನ ಅಪ್ಪಣೆ ನೆನಪಿಲ್ಲವೇ ಎಂದರು. ಉತ್ತಯ್ಯ ಗೌರವದಿಂದಲೇ ಉತ್ತರಿಸಿದ. ನನ್ನ ಕಣ್ಣು ಹೋಯಿತೆಂದು ನೀವು ಆ ಅಪ್ಪಣೆ ಮಾಡಿದಿರಿ, ಉಳಿದ ಕಣ್ಣಿನ ಯಜಮಾನ ನಾನು, ಅದರ ಪರವಾಗಿ ನಾನೇ ಕೇಳುತ್ತಿದ್ದೇನೆ, ಇವತ್ತೊಂದು ದಿನ ಅದನ್ನು ಸಡಿಲಿಸಿ ಎಂದ.

ಸುಬೇದಾರರು ದಿಬ್ಬವನ್ನೊಮ್ಮೆ ಅಳೆದು ನೋಡಿದರು. ಉಳಿದವರಿಂದ ದೂರ, ದಿಬ್ಬದ ತುದಿಯಲ್ಲಿ ಒಂಟಿಯಾಗಿ ಮಲಗಿ ಹೊಡೆಯುವುದಾದರೆ ಆಗಬಹುದು ಎಂದರು. ಹತ್ತಿರ ಯಾರೂ ನಿಲ್ಲಬಾರದು ಎಂದೂ ಹೇಳಿದರು.

ಉತ್ತಯ್ಯ ದಿಬ್ಬದ ತುದಿಗೆ ಹೋಗಿ ಮಲಗಿದ. ಎಡ ಹೆಗಲಿಗೆ ಕೋವಿ ಒತ್ತಿಕೊಂಡ. ಕೆನ್ನೆ ತಾಗಿಸಿದ. ಆಗ ಪಕ್ಕದ ಹುಲ್ಲು ಸರಿದ ಸದ್ದಾಯಿತು. ಪೆಮ್ಮಯ್ಯ ಬಂದು ಅವನ ಮಗ್ಗುಲಲ್ಲಿ ಬೋರಲಾಗಿ ಮಲಗಿದ. ಮುಖವನ್ನು ಕೋವಿಯ ಹಿಂಭಾಗದ ಹತ್ತಿರಕ್ಕೆ ತಂದ. ಒಡೆದರೆ ಇಬ್ಬರ ಮುಖಕ್ಕೂ ಒಡೆಯುವಷ್ಟು ಹತ್ತಿರ. ಸುಬೇದಾರರು ಕೂಗಿ ಕರೆದರು. ಅವನು ಏಳಲಿಲ್ಲ. ಅವರು ಎರಡನೆಯ ಸಲ ಕರೆಯಲಿಲ್ಲ.

ಉತ್ತಯ್ಯನ ಬೆರಳು ಗುಂಡು ಹಾರಿಸುವ ಕೋವಿಯ ಕುದುರೆಯ ಮೇಲೆ ಕುಳಿತಿತು. ಒತ್ತಲಿಲ್ಲ. ಉಸಿರು ಬಿಟ್ಟ, ಮತ್ತೆ ಎಳೆದುಕೊಂಡ. ಆಗಲೂ ಒತ್ತಲಾಗಲಿಲ್ಲ. ಹಣೆಯ ಬೆವರು ಉಳಿದ ಕಣ್ಣಿಗೆ ಇಳಿಯಿತು. ಮನಸ್ಸು ಒಪ್ಪಿದ್ದನ್ನು ಮೈ ಇನ್ನೂ ಒಪ್ಪಿರಲಿಲ್ಲ.

"ಗಾಳಿ ಹೇಗಿದೆ?" ಎಂದು ಕೇಳಿದ.

ಗಾಳಿ ಬಲ್ಲವನು ಅವನು. ಪೆಮ್ಮಯ್ಯನನ್ನು ಅವನು ಎಂದೂ ಗಾಳಿ ಕೇಳಿದವನಲ್ಲ. ಪೆಮ್ಮಯ್ಯ ಬಯಲಿನ ಹುಲ್ಲನ್ನು ನೋಡಿದ, ಗುಡ್ಡದ ಮಂಜನ್ನು ನೋಡಿದ.

"ಎಡಗಡೆಯಿಂದ ಬೀಸುತ್ತಿದೆ. ತಡೆ. ಈಗ ಇಳಿಯಿತು."

ಉತ್ತಯ್ಯ ಬೆರಳು ಒತ್ತಿದ.

ಬಯಲಿನಾಚೆಯ ಹಲಗೆಗೆ ಗುಂಡು ಬಡಿದ ಸದ್ದು ಸ್ವಲ್ಪ ತಡವಾಗಿ ಬಂತು. ಇಬ್ಬರೂ ಅದನ್ನು ಕೇಳಿದರು. ಉತ್ತಯ್ಯ ಅಗುಳಿ ಎಳೆದು ಇನ್ನೊಂದು ತೋಟಾಕ್ಕಾಗಿ ಕೈ ಚಾಚಿದ. ಪೆಮ್ಮಯ್ಯ ಕೊಟ್ಟ. ಹೀಗೆ ಒಂದೊಂದನ್ನೇ ಕೇಳಿದ, ಒಂದೊಂದನ್ನೇ ಕೊಟ್ಟ. ಪ್ರತಿ ಸಲವೂ ಬೆರಳು ಸ್ವಲ್ಪ ತಡೆಯುತ್ತಿತ್ತು. ಪ್ರತಿ ಸಲವೂ ಪೆಮ್ಮಯ್ಯ ಗಾಳಿ ಹೇಳುತ್ತಿದ್ದ. ಕೊನೆಕೊನೆಗೆ ಅವನ ದನಿಯಲ್ಲಿ ಹಳೆಯ ಗತ್ತು ಬಂತು. ನೀನು ಕುದುರೆಯನ್ನು ಕೀಳುತ್ತಿದ್ದೀಯ, ಒತ್ತುತ್ತಿಲ್ಲ ಎಂದು ಗದರಿಸಿದ.

ಉತ್ತಯ್ಯ ಗೆಲ್ಲಲಿಲ್ಲ. ಎಡ ಹೆಗಲಿನ ಗುರಿ ಬಲ ಹೆಗಲಿನ ಗುರಿಯಾಗುವುದಿಲ್ಲ. ಅವನು ನಡುವೆ ಎಲ್ಲೋ ಉಳಿದ. ಬಹುಮಾನದ ಕಪ್ ಪಕ್ಕದ ಊರಿನವನಿಗೆ ಹೋಯಿತು.

ಪೆಟ್ಟಿಗೆ ಬರಿದಾದ ಮೇಲೆ ಪೆಮ್ಮಯ್ಯ ಹುಲ್ಲಿನಲ್ಲಿ ಬಿದ್ದ ಖಾಲಿ ಕೊಳವೆಗಳನ್ನು ಆರಿಸಿದ. ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕಿದೆಯೇ ಎಂದು ನೋಡಿದ. ಎಲ್ಲವೂ ಸರಿಯಾಗಿದ್ದವು. ಆಮೇಲೆ ಹುಲ್ಲಿನ ಮೇಲೆ ಮುಖವಿಟ್ಟು ಮಲಗಿದ. ಬೆನ್ನು ಏರಿ ಇಳಿಯುತ್ತಿತ್ತು. ಉತ್ತಯ್ಯ ಅವನನ್ನು ಏಳಿಸಲಿಲ್ಲ, ಅಳಬೇಡ ಎನ್ನಲಿಲ್ಲ. ತಾನೂ ಪಕ್ಕದಲ್ಲಿ ಮಲಗಿ ಬಯಲು ನೋಡಿದ. ಸುಬೇದಾರರು ಜನರನ್ನು ಅತ್ತ ಬಿಡಲಿಲ್ಲ.

ಇಬ್ಬರೂ ಸೋತಿದ್ದರು. ಹಾಗಾದರೆ ಊಟ ಯಾರ ಮನೆಯಲ್ಲಿ ಎಂಬ ಚರ್ಚೆ ದಾರಿಯುದ್ದಕ್ಕೂ ನಡೆಯಿತು. ಪೆಮ್ಮಯ್ಯನೇ ಬೋಜವ್ವನೊಂದಿಗೆ ಉತ್ತಯ್ಯನ ಮನೆಗೆ ಬಂದ. ದೇಚವ್ವ ಬಡಿಸಿದಳು. ಅವನು ಎರಡನೆಯ ಸಲ ಅನ್ನ ಹಾಕಿಸಿಕೊಂಡ. ಇದನ್ನು ಬೋಜವ್ವ ಬಾಗಿಲ ಸಂದಿಯಿಂದ ನೋಡಿ ಅಡುಗೆಮನೆಗೆ ಹೋಗಿ ಅತ್ತಳು.

ಆಮೇಲೆ ಅವರು ಬದುಕಿದಷ್ಟು ಕಾಲ ಒಬ್ಬ ತುಂಬಿದ, ಒಬ್ಬ ಹೊಡೆದ. ಕಣ್ಣು ಬರಲಿಲ್ಲ. ಒಮ್ಮೊಮ್ಮೆ ಉತ್ತಯ್ಯ ಮೆಟ್ಟಿಲು ತಪ್ಪಿ ಎಡವಿದಾಗ ಪೆಮ್ಮಯ್ಯನ ಮುಖ ಬಾಡುತ್ತಿತ್ತು. ಅದೂ ಹೋಗಲಿಲ್ಲ. ಆದರೆ ಅವನು ಎದ್ದುಹೋಗುತ್ತಿರಲಿಲ್ಲ. ಕೈಹಿಡಿದು ಎತ್ತಿ, ನೋಡಿಕೊಂಡು ನಡೆ ಎಂದು ಬೈಯುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತೇವವಾಗಿತ್ತು. ಉತ್ತಯ್ಯನದು ನಿಜವಾದ ಕ್ಷಮೆ ಎಂದ. ತಾನೂ ಇವತ್ತೇ ತಮ್ಮನ ಮನೆಗೆ ಹೋಗುತ್ತೇನೆ, ನಿನ್ನನ್ನು ಮನಸಾರೆ ಕ್ಷಮಿಸಿದ್ದೇನೆ ಎಂದು ಇನ್ನೊಮ್ಮೆ ಹೇಳಿ ಬರುತ್ತೇನೆ ಎಂದು ಎದ್ದುನಿಂತ.

ಗುರುಗಳು ಅವನನ್ನು ನೋಡಿ ಹೇಳಿದರು:

"ಕ್ಷಮೆಯನ್ನು ಅವನಿಗೆ ಆಗಲೇ ಕೊಟ್ಟಾಗಿದೆಯಪ್ಪಾ, ಅವನಿಂದ ನೀನು ಏನನ್ನು ಕೇಳಿದ್ದೀಯ?"